ಇಪ್ಪತ್ತು ರೂಪಾಯಿಯ ಬಲ್ಬು, ಒಂಬತ್ತು ಸಾವಿರದ ಅಂದಾಜು ಪಟ್ಟಿ

ಕಳೆದ ತಿಂಗಳು ನನ್ನ ಹತ್ತು ವರ್ಷದ ಕಾರಿನ ಡ್ಯಾಶ್‌ಬೋರ್ಡಿನ ಮಧ್ಯಭಾಗದಲ್ಲಿ, ಎ.ಸಿ. ಗುಂಡಿಗಳ ಹಿಂದೆ ಉರಿಯುತ್ತಿದ್ದ ಪುಟ್ಟ ದೀಪವೊಂದು ಆರಿಹೋಯಿತು. ರಾತ್ರಿ ವೇಳೆ ಗುಂಡಿಗಳನ್ನು ತಡಕಾಡಬೇಕಾದ ಸ್ಥಿತಿ. ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸಿದಾಗ ದೊರೆತ ಉತ್ತರ: "ಬಲ್ಬ್ ಬಿಡಿಯಾಗಿ ಬರುವುದಿಲ್ಲ ಸಾರ್, ಪ್ಯಾನೆಲ್ ಪೂರ್ತಿ ಬದಲಾಯಿಸಬೇಕು." ಅಂದಾಜು ಪಟ್ಟಿಯಲ್ಲಿ ಬಿಡಿಭಾಗ ಮತ್ತು ಕೂಲಿ ಸೇರಿ 9,000 ರೂ.; ತೆರಿಗೆ ಪ್ರತ್ಯೇಕ.

ನಾನು ನಮ್ಮ ಬಡಾವಣೆಯ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಗೀರು ಬೀಳದಂತೆ ಪ್ಲಾಸ್ಟಿಕ್ ಪಟ್ಟಿಯಿಂದ ಪ್ಯಾನೆಲಿನ ಕ್ಲಿಪ್ಪುಗಳನ್ನು ಬಿಡಿಸಿದ. ಹೋಲ್ಡರನ್ನು ಕಾಲು ಸುತ್ತು ತಿರುಗಿಸಿ ಹೊರತೆಗೆದು, ಸುಟ್ಟ ಬಲ್ಬನ್ನು ನೇರವಾಗಿ ಎಳೆದು ಕೈಗಿತ್ತ. 12 ವೋಲ್ಟ್, 1.2 ವ್ಯಾಟ್, ಅಂದರೆ ಅದು ಬಳಸುವ ವಿದ್ಯುತ್ತು 0.1 ಆಂಪಿಯರ್ ಮಾತ್ರ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಅದೇ ಅಳತೆಯ ಬಲ್ಬಿಗೆ 20 ರೂ. ಬ್ಯಾಟರಿ ಮತ್ತೆ ಜೋಡಿಸಿ, ದೀಪ ಉರಿಯುವುದನ್ನು ಖಚಿತಪಡಿಸಿಕೊಂಡ ಬಳಿಕವೇ ಆತ ಪ್ಯಾನೆಲ್ ಮುಚ್ಚಿದ. ಕೂಲಿ 300 ರೂ.

ಇದು ಒಬ್ಬನ ಉಳಿತಾಯದ ಕಥೆಯಷ್ಟೇ ಆಗಿದ್ದರೆ ಈ ಪುಟಗಳಲ್ಲಿ ಅದಕ್ಕೆ ಸ್ಥಳವಿರುತ್ತಿರಲಿಲ್ಲ. ಲೆಕ್ಕಪರಿಶೋಧಕನ ದೃಷ್ಟಿಯಿಂದ ಇದನ್ನು ಪರಿಶೀಲಿಸೋಣ. 9,000 ರೂ. ಮೇಲೆ ಶೇ. 18ರ ಜಿ.ಎಸ್.ಟಿ. ಸೇರಿದರೆ 10,620 ರೂ. ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮಿನ ಪ್ರಕಾರ, ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ಮುಂತಾದವನ್ನು ಹೊರತುಪಡಿಸಿದರೆ, ಸಾಮಾನ್ಯ ವ್ಯಾಪಾರಿಯು ತನ್ನ ಕಾರಿನ ದುರಸ್ತಿಗೆ ತೆತ್ತ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ. ಆ 1,620 ರೂ. ಕೂಡ ನೇರ ವೆಚ್ಚವೇ. ಆರು ಲಕ್ಷಕ್ಕೆ ಕೊಂಡ ಕಾರಿಗೆ ಹತ್ತು ವರ್ಷ ಶೇ. 15ರಂತೆ ಸವಕಳಿ ಕಳೆದರೆ ಪುಸ್ತಕ ಮೌಲ್ಯ ಸುಮಾರು 1.18 ಲಕ್ಷ. ಒಂದು ಬಲ್ಬಿಗಾಗಿ ಅದರ ಶೇ. 9ರಷ್ಟನ್ನು ವ್ಯಯಿಸುವುದು ಯಾವ ವ್ಯವಹಾರ ನೀತಿ?

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರಿಗೆ ಸುಮಾರು 2,545 ಕೋಟಿ ರೂ. ದಂಡ ವಿಧಿಸಿತು. ಬಿಡಿಭಾಗಗಳು ಮತ್ತು ದೋಷ ಪತ್ತೆ ಸಾಧನಗಳು ಸ್ವತಂತ್ರ ಗ್ಯಾರೇಜುಗಳಿಗೂ ದೊರೆಯಬೇಕು, ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಪೂರ್ತಿ ರದ್ದುಪಡಿಸಕೂಡದು ಎಂದು ನಿರ್ದೇಶಿಸಿತು. ದಂಡದ ವಿಷಯ ಮೇಲ್ಮನವಿಗೆ ಹೋಯಿತಾದರೂ ಅದರ ಹಿಂದಿನ ತತ್ತ್ವ ಇಂದಿಗೂ ಪ್ರಸ್ತುತ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ದುರಸ್ತಿಯ ಹಕ್ಕು' ಜಾಲತಾಣದ ವ್ಯಾಪ್ತಿಯಲ್ಲಿ ವಾಹನ ಕ್ಷೇತ್ರವೂ ಸೇರಿದೆ.

ತಯಾರಕರ ವಾದವನ್ನೂ ಆಲಿಸುವುದು ನ್ಯಾಯ. ಹೊಸ ಕಾರುಗಳಲ್ಲಿ ಎಲ್.ಇ.ಡಿ. ದೀಪಗಳನ್ನು ಸರ್ಕ್ಯೂಟ್ ಫಲಕಕ್ಕೇ ಬೆಸೆದಿರುತ್ತಾರೆ. ಸಾವಿರಾರು ಸಣ್ಣ ಭಾಗಗಳನ್ನು ದಾಸ್ತಾನು ಇಡುವುದು ದುಬಾರಿ. ಏರ್‌ಬ್ಯಾಗ್, ಬ್ರೇಕ್‌ಗಳನ್ನು ತರಬೇತಿಯಿಲ್ಲದವರು ಮುಟ್ಟಬಾರದು. ಇವೆಲ್ಲ ಒಪ್ಪತಕ್ಕ ಮಾತುಗಳೇ. ಆದರೆ ಕಳಚಿ ಹಾಕಲೆಂದೇ ವಿನ್ಯಾಸಗೊಳಿಸಿದ ಬಲ್ಬನ್ನು ಬಿಡಿಯಾಗಿ ಮಾರದಿರುವುದಕ್ಕೆ ಸುರಕ್ಷತೆಯ ನೆಪ ಸಲ್ಲದು.

ನಮ್ಮ ಸಂಸ್ಥೆಯಲ್ಲಿ ವಾಹನ ವಿತರಕರೂ ಇದ್ದಾರೆ, ಬಿಡಿಭಾಗ ವ್ಯಾಪಾರಿಗಳೂ ಗ್ಯಾರೇಜು ಮಾಲೀಕರೂ ಇದ್ದಾರೆ. ಆದ್ದರಿಂದಲೇ ಈ ಚರ್ಚೆಗೆ ಇದು ಸೂಕ್ತ ವೇದಿಕೆ. ಸಣ್ಣ ಭಾಗಗಳ ಪ್ರತ್ಯೇಕ ಮಾರಾಟ ಹಾಗೂ ದರಪಟ್ಟಿಯ ಪ್ರಕಟಣೆಗಾಗಿ ಸಂಸ್ಥೆಯು ಸರ್ಕಾರಕ್ಕೆ ಮನವಿ ಸಲ್ಲಿಸಬೇಕು. ಅಲ್ಲಿಯವರೆಗೆ ಸದಸ್ಯರು ಅಂದಾಜು ಪಟ್ಟಿಗೆ ಸಹಿ ಹಾಕುವ ಮುನ್ನ ಒಂದೇ ಪ್ರಶ್ನೆ ಕೇಳಲಿ: "ಕೆಟ್ಟಿರುವುದು ಯಾವುದು, ಬದಲಾಯಿಸುತ್ತಿರುವುದು ಯಾವುದು?" ಎರಡರ ನಡುವಿನ ಅಂತರವೇ ನಾವು ಅನವಶ್ಯಕವಾಗಿ ತೆರುತ್ತಿರುವ ಹಣ. ಬಡಾವಣೆಯ ಮೆಕ್ಯಾನಿಕ್‌ಗೆ ತಪ್ಪಿಹೋಗುತ್ತಿರುವ ಕೆಲಸವೂ ಅದೇ.