ಎದೆಯ ಮೇಲಿನ ಬಿಲ್ಲೆ

ಬೀದರ ಜಿಲ್ಲೆಯ ಬಸವಕಲ್ಯಾಣದ ಮತದಾರರು ಮೂರು ವರ್ಷಗಳ ಆಸುಪಾಸಿನಲ್ಲಿ ಮೂರು ಬಾರಿ ಮತಗಟ್ಟೆಗೆ ಹೋದರು. 2021ರ ಏಪ್ರಿಲ್ 17ರಂದು ವಿಧಾನಸಭೆಯ ಉಪಚುನಾವಣೆ. 2023ರ ಮೇ 10ರಂದು ನೆರೆಯ ಹುಮನಾಬಾದಿನೊಡನೆ ಸಾರ್ವತ್ರಿಕ ಚುನಾವಣೆ. 2024ರ ಮೇ 7ರಂದು ಲೋಕಸಭಾ ಚುನಾವಣೆ. ಗೆದ್ದವರು ರಾಜಧಾನಿಗೆ ತೆರಳುತ್ತಾರೆ. ಪ್ರಚಾರದ ಕಸ ಮಾತ್ರ ಊರಿನಲ್ಲಿಯೇ ಉಳಿಯುತ್ತದೆ.

ಫ್ಲೆಕ್ಸ್ ಹಾವಳಿಗೆ ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿಯೇ ನಿಷೇಧ ಹೇರಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಬಾವುಟ, ಬಲೂನಿನ ಕಡ್ಡಿ, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನು ಕೇಂದ್ರ ಸರ್ಕಾರವೂ ನಿಷೇಧಿಸಿತು. ಕೇಂದ್ರದ ಆ ಪಟ್ಟಿಯಲ್ಲಿ ಎದೆಗೆ ಸಿಕ್ಕಿಸುವ ಬಿಲ್ಲೆಯ ಹೆಸರಿಲ್ಲ. ತಗಡಿನ ಬಿಲ್ಲೆಯಲ್ಲಿ ಕಾಗದದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ತಗಡಿನ ಅಂಚಿಗೆ ಮಡಚಿ ಒತ್ತಿರುತ್ತಾರೆ. ಬಿಡಿಸಲು ಬಾರದ ಈ ಜೋಡಣೆ ಗುಜರಿಯವನಿಗೂ ಬೇಡ, ಮಣ್ಣಿಗೂ ಬೇಡ.

ಇದಕ್ಕೆ ಪರಿಹಾರ ಆ ಸೀಮೆಯ ಮನೆಗಳಲ್ಲಿಯೇ ಇದೆ. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಹೆಂಗಳೆಯರಿಗೆ ಕರಗತವಾದ ವಿದ್ಯೆ. ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಎರಡು ಅಂಗುಲದ ದುಂಡಗೆ ಕತ್ತರಿಸಿ, ಅದಕ್ಕಿಂತ ದೊಡ್ಡದಾದ ಹತ್ತಿ ಬಟ್ಟೆಯ ಅಂಚಿಗೆ ದಾರ ಪೋಣಿಸಿ ಹಿಂದಕ್ಕೆ ಎಳೆದು ಬಿಗಿದರೆ ಬಿಲ್ಲೆ ಸಿದ್ಧ. ಗುರುತನ್ನು ದಾರದಲ್ಲಿ ಹೊಲಿಯಬಹುದು. ಹಿಂಬದಿಗೆ ಒಂದು ಪಿನ್ನು ಸಾಕು. ಚುನಾವಣೆ ಮುಗಿದ ಮೇಲೆ ಪಿನ್ನು ಡಬ್ಬಿಗೆ, ರಟ್ಟು ಗೊಬ್ಬರದ ಗುಂಡಿಗೆ.

ಕಾನೂನಿನ ಎರಡು ಮಾತು ನೆನಪಿರಲಿ. ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವರ ಪರವಾಗಿ ಪ್ರಚಾರಕ್ಕೆ ಖರ್ಚು ಮಾಡುವುದು ಅಪರಾಧ. ಆದ್ದರಿಂದ ಹೆಸರು, ಚಿಹ್ನೆಗಳ ಬಿಲ್ಲೆಯನ್ನು ಹಂಚುವ ಮೊದಲು ಒಪ್ಪಿಗೆ ಪಡೆಯಬೇಕು. ಮತದಾನದ ದಿನ ಮತಗಟ್ಟೆಯಿಂದ 100 ಮೀಟರಿನೊಳಗೆ ಪ್ರಚಾರ ನಿಷಿದ್ಧ. ಬಿಲ್ಲೆಯನ್ನು ಕಳಚಿಟ್ಟೇ ಹೋಗಬೇಕು.

ಆದರೆ ಬಟ್ಟೆಯ ಬಿಲ್ಲೆಯಿಂದ ಕಸ ಕಡಿಮೆಯಾಗುವುದಷ್ಟೇ ನಮ್ಮ ಆಸೆಯಲ್ಲ. ಪಕ್ಷದ ಕಚೇರಿಯಿಂದ ಮೂಟೆಗಟ್ಟಲೆ ಬಂದ ಬಿಲ್ಲೆಯನ್ನು ಯಾರು ಬೇಕಾದರೂ ಧರಿಸುತ್ತಾರೆ. ಸಂಜೆಗೆ ಮತ್ತೊಂದು ಪಕ್ಷದ್ದನ್ನೂ ಧರಿಸಿಯಾರು. ತಾನೇ ಕುಳಿತು ಹೊಲಿಯುವವಳು ಏನನ್ನು ಹೊಲಿಯಬೇಕೆಂದು ಒಂದು ಗಳಿಗೆಯಾದರೂ ಯೋಚಿಸಲೇಬೇಕು. ಆಗ ಅಭ್ಯರ್ಥಿಯ ಮುಖದ ಬದಲು ಬಸವಕಲ್ಯಾಣದ ತ್ರಿಪುರಾಂತ ಕೆರೆ, ಚುಳಕಿ ನಾಲಾ ಜಲಾಶಯ, ಹುಮನಾಬಾದಿನ ಕುಡಿಯುವ ನೀರು ಆ ಬಟ್ಟೆಯ ಮೇಲೆ ಮೂಡಬಹುದು. ಮತ ಕೇಳಲು ಬಂದವರು ಅದನ್ನು ಓದಿ ಉತ್ತರಿಸಬೇಕಾಗುತ್ತದೆ.

ಇದು ಹೊಸ ಮಾತೇನಲ್ಲ. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘದ ಹಸಿರು ಶಾಲು ಬರಿಯ ಬಟ್ಟೆಯೇ. ಚುನಾವಣೆ ಮುಗಿದರೂ ರೈತ ಅದನ್ನು ಎಸೆಯಲಿಲ್ಲ. ಕಚೇರಿಗೆ ಹೋಗುವಾಗ ಹೆಗಲಿಗೆ ಹಾಕಿಕೊಂಡು ತಲೆಯೆತ್ತಿ ನಡೆದ. ತಾನು ನಂಬಿದ್ದನ್ನು ಧರಿಸುವುದಕ್ಕೂ ಕೊಟ್ಟದ್ದನ್ನು ಧರಿಸುವುದಕ್ಕೂ ಇರುವ ಅಂತರವಿದು.

ಕೈಯ ದುಡಿಮೆಯನ್ನು ಕಾಯಕವೆಂದು ಗೌರವಿಸಿದ ಶರಣರ ನೆಲ ಕಲ್ಯಾಣ. ಮುಂದಿನ ಚುನಾವಣೆ ಪಂಚಾಯಿತಿಯದೇ ಇರಲಿ, ಪುರಸಭೆಯದೇ ಇರಲಿ, ಆ ನೆಲದ ಮಹಿಳಾ ಸಂಘಗಳೂ ಯುವಕ ಮಂಡಳಿಗಳೂ ಸೂಜಿ ದಾರ ಹಿಡಿಯಲಿ. ಮಲೆನಾಡಿನ ನಾವೂ ಅವರಿಂದ ಕಲಿಯೋಣ.