ಮನಿ ಕೆಲಸಾನ ವ್ಯಾಯಾಮ ಅನ್ನೂ ಸುಳ್ಳು

ಅಕ್ಕಾರ, ವೈನಿಗೋಳ, ಕಾಕೂಗೋಳ, ಇವತ್ತು ಅಡಗಿ ಮಾತಿಲ್ಲ, ಉಪ್ಪಿನಕಾಯಿ ಮಾತಿಲ್ಲ. ಇವತ್ತು ಜಗಳಾ ಐತಿ. ನಮ್ಮ ಖಾನಾಪುರದ ಯಾವ ಓಣಿಗೆ ಹೋದ್ರೂ, ಅರವತ್ತು ದಾಟಿದ ಹೆಂಗಸರ ಮುಂದ "ಮುಂಜಾನಿ ನಾಕು ಮಂದಿ ಕೂಡಿ ವ್ಯಾಯಾಮ ಮಾಡೂಣು ಬರ್ರಿ" ಅಂದ್ರ ಒಂದ ಉತ್ತರಾ: "ಮನ್ಯಾಗ ದಿನಾ ಇಷ್ಟು ದುಡೀತೀವಿ, ಅದ ವ್ಯಾಯಾಮ ಅಲ್ಲೇನು? ಬ್ಯಾರೆ ಯಾಕ ಬೇಕು?" ಗಂಡಸರು ಹಿಂಗ ಅಂದ್ರ ನನಗ ಆಶ್ಚರ್ಯ ಇಲ್ಲ, ಅವರಿಗೆ ಎದ್ದ ಕೂಡಲೆ ಚಾ ಬೇಕು. ನಾವ ನಮ್ಮ ಬಾಯಿಲೆ ಹಿಂಗ ಅಂತೀವಲ್ಲ, ಅದಕ್ಕ ನನ್ನ ತಕರಾರು.

ಸುಮ್ಮನ ಕುಂದ್ರೂದಕ್ಕಿಂತ ಕೆಲಸಾ ಮಾಡೂದು ಚಲೋನ, ಅದರಾಗ ವಾದ ಇಲ್ಲ. ಆದ್ರ ನಮ್ಮ ಈಗಿನ ಕೆಲಸಾ ಯಾವುದು ನೋಡ್ರಿ. ನಮ್ಮ ಆಯಿ ಮಂದಿ ಬೀಸೂ ಕಲ್ಲು ತಿರುವ್ತಿದ್ರು, ಒನಕಿ ಹಿಡೀತಿದ್ರು, ಮಲಪ್ರಭಾ ಹೊಳ್ಯಾಗ ಅರಬಿ ಒಗದು ತಲಿ ಮ್ಯಾಲ ಕೊಡಾ ಹೊತ್ತು ದಂಡಿ ಏರಿ ಬರ್ತಿದ್ರು. ನೆಲದ ಮ್ಯಾಲ ಕುಂತು ರೊಟ್ಟಿ ಬಡದು, ಕೈ ಊರದ ಏಳ್ತಿದ್ರು. ಅವರ ಜೀವಾ ಅದರಾಗ ತೇದು ಹೋತು, ಅದನ್ನ ನಾನು ಹೊಗಳಂಗಿಲ್ಲ. ಆದ್ರ ಆ ಕೆಲಸದಾಗ ತೊಡಿ, ಟೊಂಕ, ತೋಳು ಎಲ್ಲಾಕೂ ಪಾಲು ಇತ್ತು. ಈಗ ನಮಗೇನೈತಿ? ಗ್ಯಾಸ್ ಕಟ್ಟಿ ಮುಂದ ನಿಂತು ಅಡಗಿ, ಮಿಕ್ಸರು, ಮನ್ಯಾಗ ನಳಾ, ಕುರ್ಚಿ ಮ್ಯಾಲ ಊಟ, ಕುರ್ಚಿಯಂಥ ಸಂಡಾಸ. ತಾಸುಗಟ್ಟಲೆ ನಿಂತು ಕಾಲು ಬಾಯ್ತಾವ, ಬಗ್ಗಿ ಬಗ್ಗಿ ಟೊಂಕ ಹಿಡೀತೈತಿ. ದಣಿವು ಬೇಕಾದಷ್ಟು ಆಗತೈತಿ. ತೊಡಿಯಾಗಿನ ಮಾಂಸಾ ವಯಸ್ಸಿನ ಕೂಡ ಕರಗೂದು ಅದರಿಂದ ನಿಲ್ಲಂಗಿಲ್ಲ. ಕಾಲು ಜಾರಿದಾಗ ಮೈ ಸಂಭಾಳ್ಸೂದು ಭಾಂಡಿ ತಿಕ್ಕಿದ್ರ ಬರಂಗಿಲ್ಲ.

ನನ್ನ ಮಾತು ನಂಬಬ್ಯಾಡ್ರಿ, ನೀವ ಮಾಡಿ ನೋಡ್ರಿ. ಗ್ವಾಡಿಗೆ ಹಚ್ಚಿ ಒಂದು ಗಟ್ಟಿ ಕುರ್ಚಿ ಇಡ್ರಿ, ಮಗ್ಗಲಕ ಒಬ್ಬರು ನಿಂತಿರಲಿ. ಎರಡೂ ಕೈ ಎದಿ ಮ್ಯಾಲ ಕಟ್ಕೊಂಡು, 30 ಸೆಕೆಂಡಿನ್ಯಾಗ ಎಷ್ಟು ಸಲ ಪೂರಾ ಎದ್ದು ನಿಂತು ಮತ್ತ ಕುಂದ್ರತೀರಿ, ಎಣಸ್ರಿ. ಅಮೆರಿಕಾದ ಸಿಡಿಸಿ ಅನ್ನೂ ಸರಕಾರಿ ಆರೋಗ್ಯ ಸಂಸ್ಥಾದವರು ಇದಕ್ಕೊಂದು ಲೆಕ್ಕ ಇಟ್ಟಾರ. 60ರಿಂದ 64ರ ಹೆಂಗಸಿಗೆ 12ಕ್ಕಿಂತ ಕಡಿಮಿ, 70ರಿಂದ 74ರಾಕಿಗೆ 10ಕ್ಕಿಂತ ಕಡಿಮಿ ಬಂದ್ರ ಬೀಳೂ ಅಪಾಯ ಐತಿ ಅಂತ ತಿಳಕೋಬೇಕು. ಮನಿ ಕೆಲಸಾನ ವ್ಯಾಯಾಮ ಆಗಿದ್ರ ನಾವು ಎಲ್ಲಾರೂ ಇಪ್ಪತ್ತು ಸಲ ಏಳಬೇಕಾಗಿತ್ತು. ಎಷ್ಟು ಮಂದಿಗೆ ಮಣಕಾಲ ಮ್ಯಾಲ ಕೈ ಊರದ ಒಮ್ಮೆರೆ ಏಳಾಕ ಬರತೈತಿ, ನೀವ ಹೇಳ್ರಿ.

ಬೀಳೂದು ಅಂದ್ರ ಸಣ್ಣ ಮಾತಲ್ಲ. ಮುಟ್ಟು ನಿಂತಮ್ಯಾಗ ನಮ್ಮ ಎಲುಬು ಗಂಡಸರಿಗಿಂತ ಲಗೂ ಸವೀತಾವ. ಬಚ್ಚಲದಾಗೋ, ಪಾಚಿ ಹಿಡದ ಹಿತ್ತಲದಾಗೋ ಒಮ್ಮೆ ಜಾರಿದ್ರ ಸಾಕು, ಚಪ್ಪಿ ಎಲುಬು ಮುರೀತೈತಿ. ಬೆಳಗಾಂವಿಗೆ ಒಯ್ಯಬೇಕು, ಆಪರೇಶನ್ ಆಗಬೇಕು, ರೊಕ್ಕಕ್ಕ ಬಂಗಾರ ಅಡವು ಇಡಬೇಕು. ಆಮ್ಯಾಲ ತಿಂಗಳುಗಟ್ಟಲೆ ಹಾಸಿಗಿ. ಯಾರು ಎತ್ತವರು, ಯಾರು ತೊಳಿಯವರು? ಸೊಸಿ, ಇಲ್ಲಾ ಮಗಳು. ಆಕಿ ನೌಕರಿ ಬಿಡ್ತಾಳ, ಇಲ್ಲಾ ತವರು ಮನಿಗೆ ಬಂದು ಕುಂದ್ರತಾಳ. ಅರವತ್ತರ ಹೆಂಗಸಿನ ತೊಡಿ ತಾಕತ್ತು ಆಕೀದೊಬ್ಬಾಕೀದ ಅಲ್ಲ, ಆ ಮನಿ ಎಲ್ಲಾ ಹೆಂಗಸರದು.

ಇದನ್ನ ತಡಿಯಾಕ ಬರತೈತಿ. 2019ರಾಗ ಕಾಕ್ರೇನ್ ಸಂಸ್ಥಾದ ಸಂಶೋಧಕರು 108 ಪ್ರಯೋಗಗಳನ್ನ, 23 ಸಾವಿರಕ್ಕೂ ಹೆಚ್ಚು ಹಿರಿಯರ ಲೆಕ್ಕಾನ್ನ ಒಟ್ಟು ಕೂಡಿಸಿ ನೋಡಿದ್ರು. ವ್ಯಾಯಾಮ ಮಾಡಿದವರೊಳಗ ಬೀಳೂದು ಶೇಕಡಾ 23ರಷ್ಟು ಕಡಿಮಿ ಆಗಿತ್ತು. ಹೆಚ್ಚು ಉಪಯೋಗ ಬಂದದ್ದು ಮೈ ತೂಕ ಸಂಭಾಳ್ಸೂ ವ್ಯಾಯಾಮ, ಏಳೂದು-ಕುಂದ್ರೂದು-ಮೆಟ್ಲ ಹತ್ತೂದು ಅಂಥವು. ಬರೇ ವಾಕಿಂಗ್ ಒಂದರಿಂದ ಬೀಳೂದು ಕಡಿಮಿ ಆಗತೈತಿ ಅನ್ನಾಕ ಗಟ್ಟಿ ಪುರಾವೆ ಸಿಗಲಿಲ್ಲ. "ನಾನು ದಿನಾ ಸ್ಟೇಶನ್ ತನಕಾ ಅಡ್ಡಾಡಿ ಬರ್ತೀನಿ" ಅನ್ನವರು ಇದನ್ನ ಎರಡು ಸಲ ಓದ್ರಿ. ವಾಕಿಂಗ್ ಎದಿಗೆ, ಶುಗರಿಗೆ, ಬಿಪಿಗೆ ಚಲೋ, ಬಿಡಬ್ಯಾಡ್ರಿ. ಆದ್ರ ಅದೊಂದ ಸಾಲಂಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಾಗ ಹೇಳಿದ್ದೂ ಇದ. 65 ದಾಟಿದವರು ವಾರಕ್ಕ 150 ನಿಮಿಷ ಮೈ ಬಿಸಿ ಆಗೂವಂಗ ಓಡಾಡಬೇಕು, ಅದರ ಕೂಡ ವಾರದಾಗ ಮೂರು ದಿನಾರೆ ತಾಕತ್ತಿನ ಮತ್ತ ತೂಕ ಸಂಭಾಳ್ಸೂ ವ್ಯಾಯಾಮ ಮಾಡಬೇಕು.

ಇಲ್ಲಿ ಮಕ್ಕಳು ಬಾಯಿ ಹಾಕ್ತಾರ: "ಅವ್ವಾ, ಮನ್ಯಾಗ ಯೂಟ್ಯೂಬ್ ಹಚ್ಚಿ ಮಾಡು, ಹೊರಗ ಯಾಕ?" ಯಾಕಂದ್ರ ಮನ್ಯಾಗ ಆಗಂಗಿಲ್ಲ. ಕೈ ಎತ್ತೂದ್ರಾಗ ಕುಕ್ಕರ್ ಸೀಟಿ ಹೊಡೀತೈತಿ, ಬಾಗಲದಾಗ ಹಾಲಿನಾವ ಕೂಗ್ತಾನ, ಮೊಮ್ಮಗಗ ಸಾಕ್ಸ್ ಸಿಗಂಗಿಲ್ಲ. ಮನಿ ಅನ್ನೂ ಜಾಗಾದಾಗ ಹೆಂಗಸಿನ ವ್ಯಾಳ್ಯಾ ಎಲ್ಲಾರ ವ್ಯಾಳ್ಯಾ. ಮೂರು ದಿನಾ ಮಾಡ್ತೀರಿ, ನಾಕನೇ ದಿನಾ ಬಿಡ್ತೀರಿ, ಕೇಳವರೂ ಇಲ್ಲ. ನಾಕು ಮಂದಿ ಕೂಡಿದಲ್ಲಿ ಹಂಗಲ್ಲ. ನೀವು ಬರದಿದ್ರ ಮಗ್ಗಲಮನಿ ಕಾಕೂ ಬಾಗಲಾ ಬಡೀತಾರ. ಎರಡು ದಿನಾ ಕಾಣದಿದ್ರ "ಆರಾಮ ಇಲ್ಲೇನು" ಅಂತ ಒಬ್ಬರರೆ ಫೋನ್ ಮಾಡ್ತಾರ. ಮಗಾ ಪುಣ್ಯಾಕ, ಮಗಳು ಬೆಂಗಳೂರಿಗೆ ಹೋಗಿ, ದಿನಾ ಎಲ್ಲಾ ಟಿವಿ ಕೂಡ ಮಾತಾಡೂ ಹೆಂಗಸಿಗೆ ಆ ಒಂದು ಫೋನ್ ಗುಳಗಿಗಿಂತ ದೊಡ್ಡದು.

ಕೂಡಿ ಮಾಡೂದ್ರಾಗ ಏನು ಬಲಾ ಐತಿ ಅಂತ ನಮಗ ಯಾರೂ ಹೊರಗಿನವರು ಹೇಳೂದು ಬ್ಯಾಡ. ದಿಂಡಿ ನೋಡೀರಿ. ಸಂತಿಗೆ ಹೋಗಾಕ ರಿಕ್ಷಾ ಕೇಳೂ ಅಜ್ಜಿ, ತಲಿ ಮ್ಯಾಲ ತುಳಸಿ ಹೊತ್ತು ಪಂಢರಪುರದ ಹಾದಿ ಹಿಡೀತಾಳ. ಕಾಲು ಆಕೀವ, ಮಣಕಾಲ ಬ್ಯಾನಿನೂ ಅದ. ಹಿಂದ ಮುಂದ ತಾಳಾ ಹಾಕೂ ಮಂದಿ ಇರತಾರ, ಅಷ್ಟ ಫರಕು. ಶ್ರಾವಣದಾಗ ಮಂಗಳಾಗೌರಿ ಮುಂದ ರಾತ್ರಿ ತನಕಾ ಝಿಮ್ಮಾ, ಫುಗಡಿ ಆಡ್ತಿದ್ದವರು ನಾವ. ಎದರಾಬದರು ನಿಂತು ಕೈ ಹಿಡದು ತಿರುಗೂದು, ಕುಂತು ಜಿಗಿಯೂದು, ಉಸಿರು ಬಿಗಿ ಹಿಡದು ಎಣಸೂದು. ಅದು ವ್ಯಾಯಾಮ ಅಲ್ಲದ ಮತ್ತೇನು? ಮದವಿ ಆದ ಹೊಸತಾಗಿ ಆಡಿದ್ರ ಸಂಪ್ರದಾಯ, ಅರವತ್ತಕ್ಕ ಆಡಿದ್ರ ನಗಿಗೇಡು ಅಂತ ಯಾರು ಬರದಾರ?

"ಹೆಂಗಸರು ಹೊರಗ ಹೋಗಿ ಯೋಗಾ ಕಲಿಯೂದು ಈಗಿನ ಫ್ಯಾಶನ್" ಅನ್ನವರಿಗೂ ಒಂದು ಮಾತು. 1936ರಾಗ ಮೈಸೂರಿನ ಕೃಷ್ಣಮಾಚಾರ್ಯರು ಶಿಷ್ಯರನ್ನ ಕರಕೊಂಡು ನಮ್ಮ ಉತ್ತರ ಕರ್ನಾಟಕದಾಗ ಯೋಗ ತೋರಸ್ಕೋತ ಬಂದಿದ್ರು. ಧಾರವಾಡದಾಗ ಹೆಂಗಸರು ತಮಗೂ ಕಲಸ್ರಿ ಅಂದ್ರು. ಶಿಷ್ಯರೊಳಗ ಎಲ್ಲಾರಿಗಿಂತ ಸಣ್ಣಾವ ಅಂತ ಹೇಳಿ ಆ ಕೆಲಸಾ ಬಿ.ಕೆ.ಎಸ್. ಅಯ್ಯಂಗಾರ್ ಅನ್ನೂ ಹುಡುಗನ ಪಾಲಿಗೆ ಬಂತು. ಮುಂದ ಜಗತ್ತಿಗೆಲ್ಲಾ ಯೋಗಾ ಕಲಿಸಿದ ಮನಷ್ಯಾನ ಮೊದಲನೇ ವಿದ್ಯಾರ್ಥಿಗೋಳೊಳಗ ನಮ್ಮ ಮಗ್ಗಲದ ಧಾರವಾಡದ ಹೆಂಗಸರು ಇದ್ರು. ಅವನನ್ನ ಮರು ವರ್ಷ ಪುಣ್ಯಾಕ ಕರಸ್ಕೊಂಡ ಡಾಕ್ಟರ್ ಗೋಖಲೆ ಅವರೂ ಬೆಳಗಾಂವಿಯೊಳಗ ಸಿವಿಲ್ ಸರ್ಜನ್ ಆಗಿದ್ದವರ. ನಮ್ಮ ಅಜ್ಜಿ ಕಾಲದ ಹೆಂಗಸರು ಬಾಯಿ ಬಿಟ್ಟು ಕೇಳಿದ್ದನ್ನ ನಾವು ಕೇಳಾಕ ನಾಚಗೋತೀವಿ.

ಉಳದ ನೆವಾನೂ ಮುಗಿಸಿಬಿಡ್ತೀನಿ. "ಮಣಕಾಲ ಬ್ಯಾನಿ ಐತಿ." ಸವದ ಮಣಕಾಲಿಗೆ ಡಾಕ್ಟರ್ ಮಂದಿ ಮೊದಲು ಹೇಳೂ ಮದ್ದ ವ್ಯಾಯಾಮ, ಯಾಕಂದ್ರ ತೊಡಿ ಗಟ್ಟಿ ಆದ್ರ ಮಣಕಾಲ ಮ್ಯಾಲಿನ ಭಾರ ತಗ್ಗತೈತಿ. ಬ್ಯಾನಿಗೆ ಹೆದರಿ ಕುಂತಷ್ಟು ಬ್ಯಾನಿ ಹೆಚ್ಚು. "ವಯಸ್ಸಾತು, ಇನ್ನೇನು ತಾಕತ್ತು ಬರತೈತಿ." 1990ರಾಗ ಬಾಸ್ಟನ್ ಊರಾಗ ವೃದ್ಧಾಶ್ರಮದ 90ರ ಆಸುಪಾಸಿನ ಮುದುಕ-ಮುದುಕೇರಿಗೆ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದ್ರು. ಅವರ ಕಾಲಿನ ಬಲಾ ಎರಡೂವರಿ ಪಟ್ಟಿಗಿಂತ ಜಾಸ್ತಿ ಆತು. ನಿಮಗ ಅರವತ್ತೆಂಟು. "ಮಳಿಗಾಲ." ಖಾನಾಪುರದ ಮಳಿ ನನಗೂ ಗೊತ್ತು, ಜೂನದಿಂದ ಸಪ್ಟಂಬರ ತನಕಾ ಮೈದಾನದ ಆಶೆ ಇಟ್ಕೋಬಾರದು. ಅದಕ್ಕ ಮ್ಯಾಲ ಚಾವಣಿ ಇರೂ ಜಾಗಾ ಬೇಕು. ಗುಡಿ ಸಭಾಮಂಟಪ, ಸಾಳಿ ಪಡಸಾಲಿ, ಸಮುದಾಯ ಭವನ ಮುಂಜಾನಿ ಖಾಲಿನ ಇರತಾವ. ಗಂಡಸರಿಗೆ ಕಟ್ಟಿ ಐತಿ, ಚಾದಂಗಡಿ ಐತಿ. ನಮಗ ಒಂದು ತಾಸಿನ ಕೀಲಿ ಕೊಡ್ರಿ ಅಂತ ಪಟ್ಟಣ ಪಂಚಾಯತಿಗೆ, ಗುಡಿ ಕಮಿಟಿಗೆ ಹತ್ತು ಮಂದಿ ಕೂಡಿ ಹೋಗಿ ಕೇಳಿದ್ರ ಇಲ್ಲಾ ಅನ್ನೂದು ಅವರಿಗೆ ಸರಳ ಆಗಂಗಿಲ್ಲ.

ದೊಡ್ಡ ಮಾಸ್ತರು ಬ್ಯಾಡ, ಬೂಟು ಬ್ಯಾಡ, ಫೀ ಬ್ಯಾಡ. ಜಪಾನದಾಗ 1928ರಿಂದ ರೇಡಿಯೋ ಹಚ್ಚಿ ಮಂದಿ ಕೂಡಿ ಕೈಕಾಲು ಆಡಸ್ತಾರ, ಇವತ್ತಿಗೂ ಮುಂಜಾನೆ ಅಲ್ಲಿನ ಮುದುಕರು ಪಾರ್ಕಿನ್ಯಾಗ ಕೂಡತಾರ. ನಾವೂ ಹಿಂಗ ಸುರು ಮಾಡಬಹುದು: ಮೊದಲು ಹತ್ತು ನಿಮಿಷ ನಿಂತಲ್ಲೆ ನಡದು ಮೈ ಬಿಸಿ ಮಾಡೂದು. ಆಮ್ಯಾಲ ಕುರ್ಚಿಯಿಂದ ಹತ್ತು ಹತ್ತು ಸಲ ಎರಡು ಸುತ್ತು ಏಳೂದು, ಗ್ವಾಡಿ ಹಿಡದು ಹಿಮ್ಮಡ ಎತ್ತೂದು, ಒಂದು ಕಾಲ ಮ್ಯಾಲ ನಿಲ್ಲೂದು, ಹೆಜ್ಜಿಗೆ ಹೆಜ್ಜಿ ಹಚ್ಚಿ ಗ್ವಾಡಿ ಗುಂಟ ನಡಿಯೂದು. ಮೈ ಹಗರ ಇದ್ದವರು ಸಾವಕಾಶ ಒಂದು ಫುಗಡಿ. ಕಡೀಕ ಕುಂತು ಉಸಿರು ಎಳಕೊಂಡು ಮಾತಾಡೂದು. ಎದ್ಯಾಗ ನೋವು ಬರವರು, ತಲಿ ತಿರಗವರು, ಹೊಸದಾಗಿ ಆಪರೇಶನ್ ಆದವರು ಮೊದಲು ಡಾಕ್ಟರನ್ನ ಕೇಳ್ರಿ. ಎಣಸೂ ಭಾಷಾದ ಬಗ್ಗೆ ನಮ್ಮ ಊರಾಗ ಜಗಳಾ ಬ್ಯಾಡ. ಆ ಸಾಲಿನವರು "ಏಕ್, ದೋನ್, ತೀನ್" ಅಂದ್ರ ಈ ಸಾಲಿನವರು "ನಾಕು, ಐದು, ಆರು" ಅಂದ್ರಾತು, ಹತ್ತಕ್ಕ ಎಲ್ಲಾರೂ ಕೂಡೇ ಮುಟ್ತೀವಿ.

ಇನ್ನು ಮಗಂದಿರಿಗೆ, ಮನಿ ಯಜಮಾನರಿಗೆ. ಅವ್ವ ಬಿದ್ದಮ್ಯಾಗ ಲಕ್ಷಗಟ್ಟಲೆ ಸುರದು "ಏನೂ ಕಡಿಮಿ ಮಾಡಲಿಲ್ಲ" ಅಂತ ಊರಾಗ ಹೇಳಕೋತ ತಿರಗೂದು ಪ್ರೀತಿ ಅನಸಂಗಿಲ್ಲ ನನಗ. ಆಕಿ ಬೀಳೂಕಿಂತ ಮೊದಲು ವಾರಕ್ಕ ಮೂರು ದಿನಾ ಒಂದು ತಾಸು ಬಿಟ್ಟುಕೊಡ್ರಿ, ಅದಕ್ಕ ರೊಕ್ಕ ಹತ್ತಂಗಿಲ್ಲ. ಸೊಸಿ ಮ್ಯಾಲ ಹೊರಸಬ್ಯಾಡ್ರಿ, ಆಕೀಗೂ ಮುಂದ ಅರವತ್ತು ಆಗತೈತಿ. ಚಾಪುಡಿ ಡಬ್ಬಿ ಎಲ್ಲಿ ಐತಿ, ಸಕ್ಕರಿ ಎಷ್ಟು ಹಾಕಬೇಕು ಅಂತ ನೀವ ಕಲೀರಿ.

ಅಕ್ಕಾರ, ನೀವು ಮಾತ್ರ ಪರವಾನಿಗಿ ಕೇಳಕೋತ ನಿಲ್ಲಬ್ಯಾಡ್ರಿ. ಈ ವಾರ ಮಗ್ಗಲಮನಿ ಬಾಗಲಾ ಬಡೀರಿ, ಇಬ್ಬರು ಸಿಕ್ರೂ ಸುರು ಮಾಡ್ರಿ. ಮೂರನೇದಾಕಿ ಕಿಡಕ್ಯಾಗ ನಿಂತು ನೋಡಾಕತ್ತಿರತಾಳ, ಆಕೀನೂ ಬರತಾಳ.