ಬಿಸಿನೀರಿನ ಟ್ಯಾಂಕೂ ಕಂಪನಿಗಳ ಲೆಕ್ಕವೂ

ಕೆಂಗೇರಿ ಉಪನಗರದ ನಮ್ಮ ತಾರಸಿ ಹತ್ತಿ ನಿಂತರೆ ಸುತ್ತ ಕಾಣುವುದು ಸೋಲಾರ್ ಹೀಟರುಗಳ ದುಂಡು ಟ್ಯಾಂಕುಗಳು. ಮೂವತ್ತು-ನಲವತ್ತರ ಸೈಟಿನ ಮನೆಗೊಂದರಂತೆ, ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿವೆ. ಹೋದ ತಿಂಗಳು ನಮ್ಮದು ಕೈಕೊಟ್ಟಿತು. ಬಂದ ಪ್ಲಂಬರ್ ಹುಡುಗ ಒಂದು ಗಾಜಿನ ಟ್ಯೂಬನ್ನು ಎಳೆದು ತಲೆಕೆಳಗು ಮಾಡಿದ. ಬೆಳ್ಳಗಿನ ಹಕ್ಕಳೆ ಪುಡಿಪುಡಿಯಾಗಿ ಸುರಿಯಿತು. "ಬೋರ್ ನೀರು ಸಾರ್, ಉಪ್ಪು ಕಟ್ಕೊಂಡಿದೆ. ವರ್ಷಕ್ಕೊಂದ್ಸಲನಾದ್ರೂ ತೊಳೆಸ್ಬೇಕು" ಎಂದು ನನ್ನನ್ನೇ ಗದರಿದ. ಅವನು ತೊಳೆಯುತ್ತ ಕೂತಷ್ಟು ಹೊತ್ತು ನಾನು ಆ ಟ್ಯಾಂಕನ್ನೇ ನೋಡುತ್ತಿದ್ದೆ. ಇನ್ನೂರು ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಸುಮಾರು 7 ಯೂನಿಟ್ ಶಕ್ತಿ ಬೇಕು. ಎರಡು ಎಲೆಕ್ಟ್ರಿಕ್ ಸ್ಕೂಟರುಗಳ ಬ್ಯಾಟರಿ ಸೇರಿದರೆ ಹಿಡಿಯುವಷ್ಟು. ನಡುಮಧ್ಯಾಹ್ನದ ಬಿಸಿಲನ್ನು ಮಾರನೆಯ ಬೆಳಗಿನ ಆರು ಗಂಟೆಯ ಸ್ನಾನದವರೆಗೆ ಅದು ಸದ್ದಿಲ್ಲದೆ ಕಾಪಿಡುತ್ತದೆ. ಊರಿನ ಗೀಸರುಗಳೆಲ್ಲ ಒಟ್ಟಿಗೆ ಕರೆಂಟು ಎಳೆಯುವ ಹೊತ್ತಿನಲ್ಲಿ ನಮ್ಮ ಮೀಟರು ತಣ್ಣಗಿರುತ್ತದೆ. ಬೆಸ್ಕಾಂ ಇದಕ್ಕಾಗಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿಯನ್ನು ಬಹುಕಾಲದಿಂದ ಕೊಡುತ್ತ ಬಂದಿದೆ. ಪುಡಿಗಾಸೇ, ಆದರೆ ಅದು ಕೊಡುತ್ತಿರುವುದು ಹೊತ್ತಿನ ಬೆಲೆ.

ಹೊತ್ತಿನ ಬೆಲೆ ಎಂಬ ಈ ಮಾತನ್ನು ನಮ್ಮ ಊರಿನ ತಂತ್ರಜ್ಞಾನ ಉದ್ಯಮಕ್ಕೂ ಹಚ್ಚಿ ನೋಡಬೇಕಾಗಿದೆ. ಇಂಗಾಲದ ಹೊರೆ ಇಳಿಸಿದ ಆರ್ಥಿಕತೆಯನ್ನು ಕಟ್ಟುವುದರಲ್ಲಿ ಐಟಿ ಕಂಪನಿಗಳ ಪಾತ್ರವೇನು ಎಂದು ಕೇಳಿದರೆ ಸಿದ್ಧ ಉತ್ತರ ಎರಡು. ನಮ್ಮ ಕಟ್ಟಡಗಳು ಹಸಿರು ವಿದ್ಯುತ್ತಿನಲ್ಲೇ ನಡೆಯುತ್ತವೆ ಎಂಬುದು ಒಂದು. ನಮ್ಮ ಸಾಫ್ಟ್‌ವೇರು ಉಳಿದ ಉದ್ಯಮಗಳ ಪೋಲನ್ನು ತಡೆಯುತ್ತದೆ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಯಾವ ಹೊತ್ತಿನಲ್ಲಿ ವಿದ್ಯುತ್ ಎಳೆಯುತ್ತಾರೆ, ಎಷ್ಟು ದೂರದಿಂದ ಜನರನ್ನು ಕೆಲಸಕ್ಕೆ ಕರೆಸುತ್ತಾರೆ ಎಂಬ ಎರಡು ಪ್ರಶ್ನೆಗಳಲ್ಲಿ ಅವರ ನಿಜವಾದ ಪಾತ್ರ ಇದೆ ಎಂದು ನನ್ನ ವಾದ. ಇವೆರಡನ್ನೂ ಅವರ ಲೆಕ್ಕಪತ್ರ ಅಂಚಿಗೆ ತಳ್ಳಿದೆ.

ಮಾಡಿದ್ದನ್ನು ಮೊದಲು ಒಪ್ಪಿಕೊಳ್ಳೋಣ. ಇನ್ಫೊಸಿಸ್ 2020ರಲ್ಲೇ ತಾನು ಇಂಗಾಲ-ತಟಸ್ಥ ಎಂದು ಘೋಷಿಸಿತು. ಪ್ಯಾರಿಸ್ ಒಪ್ಪಂದ ಈ ಶತಮಾನದ ಉತ್ತರಾರ್ಧದ ಮಾತಾಡುತ್ತಿದ್ದಾಗಲೇ. ಅದರ ಕಟ್ಟಡಗಳು ಕರೆಂಟು ಕಡಿಮೆ ತಿನ್ನುವುದು ನಿಜ, ಸೌರ ಘಟಕಗಳಲ್ಲಿ ಅದು ಹಣ ಹಾಕಿದ್ದೂ ನಿಜ. ರಾಜ್ಯವೂ ದಾರಿ ಮಾಡಿಕೊಟ್ಟಿತು: 2013ರ ಏಪ್ರಿಲ್‌ನಿಂದ 2018ರ ಮಾರ್ಚ್‌ವರೆಗೆ ಶುರುವಾದ ಸೌರ ಘಟಕಗಳಿಗೆ ತಂತಿಯ ಬಾಡಿಗೆ ಮತ್ತು 'ಬ್ಯಾಂಕಿಂಗ್' ಶುಲ್ಕಗಳಿಂದ ಹತ್ತು ವರ್ಷ ವಿನಾಯಿತಿ ಸಿಕ್ಕಿತು. ಅದೇ ಕಾಲದಲ್ಲಿ ಪಾವಗಡದ ತಿರುಮಣಿ, ವಳ್ಳೂರು ಕಡೆಯ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಎದ್ದು ನಿಂತಿತು. ರೈತರಿಂದ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ತೆಗೆದುಕೊಂಡರು. ಮಳೆ ನಂಬಿ ಕಡಲೆಕಾಯಿ ಬಿತ್ತುತ್ತಿದ್ದ ಸೀಮೆಗೆ ಅದೇನು ಸಣ್ಣ ಮೊತ್ತವಲ್ಲ. ಜಮೀನಿಲ್ಲದ ಕೂಲಿಯವರಿಗೆ ಏನು ಸಿಕ್ಕಿತು ಎಂಬುದು ಬೇರೆಯೇ ಕಥೆ.

ಈಗ ಆ 'ಬ್ಯಾಂಕಿಂಗ್' ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ಕಂಪನಿಯ ಸೌರ ಘಟಕ ಮಧ್ಯಾಹ್ನ ನೂರು ಯೂನಿಟ್ ಹೆಚ್ಚು ಉತ್ಪಾದಿಸಿದರೆ ಅದು ಕಂಪನಿಯ ಹೆಸರಿಗೆ ಜಮೆ. ರಾತ್ರಿಯೋ ಮಳೆಗಾಲದಲ್ಲೋ ಅದನ್ನು ವಾಪಸು ಪಡೆಯಬಹುದು. ಕೇಳಲು ಹಗೇವಿನಲ್ಲಿ ರಾಗಿ ತುಂಬಿಟ್ಟಂತೆ ಇದೆ. ಆದರೆ ಹಗೇವಿನ ರಾಗಿ ಇಟ್ಟಲ್ಲೇ ಇರುತ್ತದೆ. ತಂತಿಗೆ ಬಿಟ್ಟ ಕರೆಂಟನ್ನು ಆ ಕ್ಷಣದಲ್ಲೇ ಯಾರಾದರೂ ಬಳಸಿ ಮುಗಿಸಿರಬೇಕು. ರಾತ್ರಿ ಒಂಬತ್ತಕ್ಕೆ ಕಂಪನಿ ಹಿಂದಕ್ಕೆ ಪಡೆಯುವ ಯೂನಿಟ್ಟು ಬೇರೆಲ್ಲಿಂದಲೋ ಬಂದದ್ದು. ಶರಾವತಿಯ ನೀರಿನಿಂದ ಬಂದಿದ್ದರೆ ಅದೃಷ್ಟ. ಅನೇಕ ಸಲ ಅದು ರಾಯಚೂರಿನ ಶಕ್ತಿನಗರದಲ್ಲೋ ಬಳ್ಳಾರಿಯ ಕುಡತಿನಿಯಲ್ಲೋ ಕಲ್ಲಿದ್ದಲು ಸುಟ್ಟು ಮಾಡಿದ್ದು. ವರ್ಷದ ಕೊನೆಗೆ ಜಮಾ-ಖರ್ಚು ಸರಿಹೋಗಿ ಕಂಪನಿ 'ಶೂನ್ಯ' ಎಂದು ಬರೆದುಕೊಳ್ಳುತ್ತದೆ. ಶಕ್ತಿನಗರದ ಚಿಮಣಿಗೆ ಆ ಶೂನ್ಯದ ಸುದ್ದಿ ಮುಟ್ಟಿರುವುದಿಲ್ಲ.

ಈ ತೊಡಕನ್ನು ಉದ್ಯಮದವರೂ ಒಪ್ಪಿದ್ದಾರೆ ಎಂಬುದನ್ನೂ ಸೇರಿಸಬೇಕು. 2030ರ ಹೊತ್ತಿಗೆ ಪ್ರತಿ ಗಂಟೆಯೂ ಇಂಗಾಲರಹಿತ ವಿದ್ಯುತ್ತಿನಲ್ಲೇ ನಡೆಯುವ ಗುರಿಯನ್ನು ಗೂಗಲ್ 2020ರಲ್ಲಿ ಹಾಕಿಕೊಂಡಿತು. ಪ್ರಾಮಾಣಿಕ ಗುರಿ. ಆದರೆ 2024ರಲ್ಲಿ ಅದೇ ಕಂಪನಿ ಪ್ರಕಟಿಸಿದ ವರದಿಯ ಪ್ರಕಾರ ಅದರ ಹೊರಸೂಸುವಿಕೆ 2019ಕ್ಕೆ ಹೋಲಿಸಿದರೆ ಶೇ 48ರಷ್ಟು ಏರಿತ್ತು. ಡೇಟಾ ಸೆಂಟರುಗಳ ಹಸಿವೇ ಮುಖ್ಯ ಕಾರಣ.

ಜಗತ್ತಿನ ಡೇಟಾ ಸೆಂಟರುಗಳೆಲ್ಲ ಸೇರಿ ಬಳಸುವುದು ಒಟ್ಟು ವಿದ್ಯುತ್ತಿನ ಶೇ 1.5ರಷ್ಟು, ಸಿಮೆಂಟನ್ನೂ ಉಕ್ಕನ್ನೂ ಬಿಟ್ಟು ನಮ್ಮನ್ನೇ ಏಕೆ ಹಿಡಿಯುತ್ತೀರಿ ಎಂದು ಐಟಿಯವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಸರಳ: ಸಿಮೆಂಟಿನ ಗೂಡನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲಾಗದು. ಕಂಪ್ಯೂಟರಿನ ಕೆಲಸದಲ್ಲಿ ಒಂದು ಪಾಲನ್ನು ಮುಂದೂಡಬಹುದು. ರಾತ್ರಿ ಒಂಬತ್ತಕ್ಕೆ ನಾನು ಹಾಲಿನ ಅಂಗಡಿಯಲ್ಲಿ ಫೋನ್‌ಪೇ ಮಾಡಿದರೆ ಅದು ನಾಳೆಯ ಬಿಸಿಲಿಗೆ ಕಾಯಲಾರದು. ಆದರೆ ಹಳೆಯ ಕಡತಗಳ ಬ್ಯಾಕಪ್, ಸಾಫ್ಟ್‌ವೇರಿನ ಪರೀಕ್ಷೆಗಳು, ಕೃತಕ ಬುದ್ಧಿಮತ್ತೆಯ ಮಾದರಿಗಳ ದಿನಗಟ್ಟಲೆಯ ತರಬೇತಿ ಇವು ಕಾಯಬಲ್ಲವು. ಕ್ಯಾಂಪಸ್ಸಿನ ಎಸಿಗೆ ಬೇಕಾದ ತಣ್ಣೀರನ್ನು ಮಧ್ಯಾಹ್ನವೇ ಮಾಡಿ ದೊಡ್ಡ ತೊಟ್ಟಿಯಲ್ಲಿ ತುಂಬಿಟ್ಟು ಸಂಜೆ ಬಳಸಬಹುದು. ನಮ್ಮ ತಾರಸಿಯ ಟ್ಯಾಂಕಿನದೇ ತತ್ತ್ವ, ಬಿಸಿಯ ಬದಲು ತಣ್ಣಗೆ. ಯಾವ ಕೆಲಸ ಯಾವ ಗಂಟೆಗೆ ಎಂದು ನಿಗದಿ ಮಾಡುವುದನ್ನೇ ವೃತ್ತಿ ಮಾಡಿಕೊಂಡ ಉದ್ಯಮಕ್ಕೆ ಇದು ಕಷ್ಟ ಎಂದರೆ ನಂಬುವುದು ಹೇಗೆ?

ಹಾಗೆ ಮಾಡದಿದ್ದರೆ ಹೊರೆ ಬೀಳುವುದು ಬೇರೆಯವರ ಮೇಲೆ. ಹಗಲಿನ ಬಿಸಿಲನ್ನು ರಾತ್ರಿಗೆ ಉಳಿಸುವ ಹೆಸರಿನಲ್ಲೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವುದು ಅದರ ಲೆಕ್ಕ. ನಡುವೆ ಇರುವುದು ಸಿಂಗಳೀಕಗಳ ಅಭಯಾರಣ್ಯ. ಬೆಂಗಳೂರಿನ ರಾತ್ರಿಯ ಬೇಡಿಕೆಗೆ ಹೊನ್ನಾವರ, ಸಾಗರದ ಜನ ಯಾಕೆ ಈ ಯೋಜನೆಯ ವಿರುದ್ಧ ಬೀದಿಗಿಳಿಯಬೇಕಾಯಿತು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಈ ವಿದ್ಯುತ್ತೆಲ್ಲ ಯಾತಕ್ಕಾಗಿ ಎಂಬ ಪ್ರಶ್ನೆಯನ್ನು ನಮಗೆ ಕಲಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ಕುಮಾರ್ ಎನ್. ರೆಡ್ಡಿ. 1974ರಲ್ಲಿ ಹಳ್ಳಿಗಳಿಗೆ ತಂತ್ರಜ್ಞಾನ ಒಯ್ಯುವ 'ಅಸ್ತ್ರ' ಕೇಂದ್ರ ಕಟ್ಟಿ, ಸೌದೆ ಉಳಿಸುವ ಒಲೆಯಿಂದ ಹಿಡಿದು ರಾಜ್ಯದ ವಿದ್ಯುತ್ ಯೋಜನೆಯವರೆಗೆ ಅವರು ಯೋಚಿಸಿದರು. ಜನರಿಗೆ ಬೇಕಿರುವುದು ಯೂನಿಟ್ಟುಗಳಲ್ಲ, ಬೆಳಕು, ಬೇಯಿಸಿದ ಅನ್ನ, ಬಾವಿಯಿಂದ ಮೇಲೆ ಬಂದ ನೀರು. ಲೆಕ್ಕ ಅಲ್ಲಿಂದ ಶುರುವಾಗಲಿ ಎಂಬುದು ಅವರ ನಿಲುವು. ಆ ಅಳತೆಗೋಲು ಹಿಡಿದು ಐಟಿ ಉದ್ಯಮವನ್ನು ನೋಡಿದರೆ ನನ್ನ ಎರಡನೆಯ ಪ್ರಶ್ನೆ ಏಳುತ್ತದೆ. ಕಂಪನಿಗೆ ಬೇಕಿರುವುದು ಒಬ್ಬ ಮನುಷ್ಯನ ಎಂಟು ಗಂಟೆಯ ಬುದ್ಧಿ. ಅದಕ್ಕಾಗಿ ಆ ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಸಾಗಿಸುತ್ತಿದ್ದೇವೆ?

ನಮ್ಮ ಪಕ್ಕದ ಮನೆಯ ಹುಡುಗಿ ವೈಟ್‌ಫೀಲ್ಡ್‌ನ ಕಂಪನಿಯೊಂದಕ್ಕೆ ಹೋಗುತ್ತಾಳೆ. ಮೊದಲು ಬೆಳಿಗ್ಗೆ ಆರೂವರೆಗೆ ಕ್ಯಾಬು ಬಂದು ಹಾರನ್ ಹೊಡೆಯುತ್ತಿತ್ತು, ಬೀದಿಗೆಲ್ಲ ಅದೇ ಅಲಾರಂ. ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮಾರ್ಗ ಪೂರ್ತಿಯಾದದ್ದು 2023ರ ಅಕ್ಟೋಬರ್ 9ರಂದು. 43 ಕಿಲೋಮೀಟರಿಗೂ ಹೆಚ್ಚು, 37 ನಿಲ್ದಾಣ. ಅಂದಿನಿಂದ ಅವಳು ಮೆಟ್ರೊದಲ್ಲೇ. ಒಂದು ದಿನ ಕೇಳಿದೆ, ಕಂಪನಿ ಏನಾದರೂ ಕೊಡುತ್ತದೇನಮ್ಮ ಎಂದು. "ಕಾರ್ ತಂದ್ರೆ ಪಾರ್ಕಿಂಗ್ ಫ್ರೀ ಅಂಕಲ್, ಮೆಟ್ರೊಗೆ ಏನೂ ಇಲ್ಲ" ಎಂದು ನಕ್ಕಳು. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಅವಳದು ಆ ಗರಿಷ್ಠ ದರದ ಪ್ರಯಾಣವೇ.

ಕೈಲೆಕ್ಕ ಮಾಡೋಣ. ಲ್ಯಾಪ್‌ಟಾಪು 50 ವ್ಯಾಟ್‌ನಂತೆ ಒಂಬತ್ತು ಗಂಟೆ ನಡೆದರೆ ಅರ್ಧ ಯೂನಿಟ್ಟೂ ಆಗದು. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 700 ಗ್ರಾಂ ಇಂಗಾಲಾನಿಲ ಎಂದು ಹಿಡಿದರೂ 300 ಗ್ರಾಂ ಚಿಲ್ಲರೆ. ಎಸಿ, ದೀಪ, ಲಿಫ್ಟು, ಸರ್ವರು ಎಲ್ಲ ಸೇರಿಸಿ ಹತ್ತು ಪಟ್ಟು ಮಾಡಿ, ಮೂರು ಕಿಲೋ. ಅದೇ ಹುಡುಗಿ ಒಬ್ಬಳೇ ಕಾರಿನಲ್ಲಿ ಹೋಗಿ ಬಂದರೆ ಕಡಿಮೆಯೆಂದರೂ 70 ಕಿಲೋಮೀಟರ್, ಐದು ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕಿಲೋದಂತೆ ಹನ್ನೊಂದೂವರೆ ಕಿಲೋ. ಕಟ್ಟಡ ಎಷ್ಟೇ ಹಸಿರಾಗಲಿ, ಗೇಟಿನ ಹೊರಗೆ ಆಗುವುದು ಅದರ ಮೂರು-ನಾಲ್ಕು ಪಟ್ಟು.

ಆದರೆ ಗೇಟಿನ ಹೊರಗಿನದು 'ಸ್ಕೋಪ್ 3'. ಷೇರುಪೇಟೆಯ ನಿಯಂತ್ರಕ ಸೆಬಿ 2022-23ರಿಂದ ದೇಶದ ಮೊದಲ ಸಾವಿರ ಷೇರುಪೇಟೆ ಕಂಪನಿಗಳಿಗೆ ಸುಸ್ಥಿರತೆಯ ವರದಿಯನ್ನು ಕಡ್ಡಾಯ ಮಾಡಿತು. ಸ್ವಂತ ಜನರೇಟರಿನ ಹೊಗೆ, ಕೊಂಡ ವಿದ್ಯುತ್ತಿನ ಹೊಗೆ ಅದರಲ್ಲಿ ಕಡ್ಡಾಯ. ನೌಕರರ ಓಡಾಟ ಸೇರುವ ಮೂರನೆಯ ಬಾಬ್ತು ಇಷ್ಟವಿದ್ದರೆ ಮಾತ್ರ. ಕೆಲವರು ಅದನ್ನೂ ಎಣಿಸುತ್ತಾರೆ, ಎಣಿಸಿ ಹಳ್ಳಿಯ ಮನೆಗಳಿಗೆ ಹೊಗೆಯಿಲ್ಲದ ಒಲೆ, ಗೋಬರ್ ಗ್ಯಾಸು ಕೊಟ್ಟು ಸರಿದೂಗಿಸುತ್ತಾರೆ. ಒಲೆ ಒಳ್ಳೆಯದೇ, ಆ ಹೆಂಗಸಿನ ಕಣ್ಣುರಿ ತಪ್ಪುತ್ತದೆ. ಆದರೆ ಹೊರವರ್ತುಲ ರಸ್ತೆಯ ಕಾರುಗಳ ಸಾಲ ತೀರಿಸುವ ಕೆಲಸ ಹಳ್ಳಿಯ ಅಡುಗೆಮನೆಯದಾಗುವುದು ನನಗೆ ಒಗ್ಗುವುದಿಲ್ಲ.

ಸರ್ಕಾರದ ಪಾಲೂ ಇದೆ. ಎಪ್ಪತ್ತರ ದಶಕದ ಕೊನೆಗೆ ರಾಜ್ಯದ ಕಿಯೋನಿಕ್ಸ್ ಸಂಸ್ಥೆ ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಮಾಡಿತು, ತೊಂಬತ್ತರ ದಶಕದಲ್ಲಿ ಪೂರ್ವಕ್ಕೆ ಐಟಿಪಿಎಲ್ ಬಂತು. ಪಶ್ಚಿಮ ಮಲಗುವ ಊರಾಗಿ ಉಳಿಯಿತು. ಮೈಲಸಂದ್ರದ ಗ್ಲೋಬಲ್ ವಿಲೇಜ್ ಒಂದು ಅಪವಾದ. ಕೆಂಗೇರಿ, ರಾಜರಾಜೇಶ್ವರಿನಗರ, ವಿಜಯನಗರದವರು ಅಲ್ಲಿಗೆ ನಿಮಿಷಗಳಲ್ಲಿ ತಲುಪುತ್ತಾರೆ. ಅಂಥ ಇನ್ನೆರಡು ಈ ಕಡೆಗೆ ಬಂದಿದ್ದರೆ ಎಷ್ಟೋ ಕಾರುಗಳು ಮೈಸೂರು ರಸ್ತೆ ದಾಟುತ್ತಲೇ ಇರಲಿಲ್ಲ. ಇನ್ಫೊಸಿಸ್ ಪ್ರತಿಷ್ಠಾನ ಕೋಣಪ್ಪನ ಅಗ್ರಹಾರ ಮೆಟ್ರೊ ನಿಲ್ದಾಣಕ್ಕೆ 200 ಕೋಟಿ ರೂಪಾಯಿ ಕೊಡಲು ಒಪ್ಪಿತು. 2025ರ ಆಗಸ್ಟ್‌ನಲ್ಲಿ ಆ ನಿಲ್ದಾಣವಿರುವ ಹಳದಿ ಮಾರ್ಗ ಶುರುವಾಯಿತು. ಐಟಿ ಉದ್ಯಮ ಈ ಊರಿನ ಹವಾಮಾನಕ್ಕೆ ಮಾಡಿದ ಉಪಕಾರಗಳಲ್ಲಿ ಆ ನೆರವನ್ನು ನಾನು ಎಲ್ಲ ಆ್ಯಪುಗಳಿಗಿಂತ ಮೇಲೆ ಇಡುತ್ತೇನೆ.

ಸೆಬಿ ಆ ಮೂರನೆಯ ಬಾಬ್ತನ್ನು ಕಡ್ಡಾಯ ಮಾಡಲಿ, ಕಂಪನಿಗಳು ವರ್ಷದ ಲೆಕ್ಕದ ಜೊತೆಗೆ ಗಂಟೆಯ ಲೆಕ್ಕವನ್ನೂ ಕೊಡಲಿ. ಅಷ್ಟರೊಳಗೆ, ಇದನ್ನು ಮೆಟ್ರೊದಲ್ಲಿ ಕೂತು ಓದುತ್ತಿರುವ ಐಟಿಯವರಿದ್ದರೆ ಒಂದು ಮಾತು: ಮುಂದಿನ ಟೌನ್‌ಹಾಲ್ ಮೀಟಿಂಗಿನಲ್ಲಿ ಕೈಯೆತ್ತಿ, ಕಾರಿಗೆ ಕೊಡುವ ಜಾಗದ ಬಾಡಿಗೆ ತಿಂಗಳಿಗೆ ಎಷ್ಟು, ಅಷ್ಟನ್ನೇ ನನ್ನ ಮೆಟ್ರೊ ಕಾರ್ಡಿಗೆ ಯಾಕೆ ಹಾಕಬಾರದು ಎಂದು ಕೇಳಿ.